ಫ್ರಾಂಟಲ್ ಸೈನಸ್‌ಗೆ ಎಂಡೋಸ್ಕೋಪ್ ದಾರಿ: ಡ್ರಾಫ್ ವರ್ಗೀಕರಣಕ್ಕೂ ಮೊದಲು ರಿಸೆಸ್

ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಫ್ರಾಂಟಲ್ ಸೈನಸ್ ಶಸ್ತ್ರಚಿಕಿತ್ಸೆಯ ಹಂತಗಳನ್ನು ಡ್ರಾಫ್ 1, 2ಎ, 2ಬಿ, 3 ಎಂದು ಬಾಯಿಪಾಠ ಮಾಡುತ್ತಾರೆ. ಫ್ರಾಂಟಲ್ ರಿಸೆಸ್‌ನ ರಚನೆ ಕಣ್ಣ ಮುಂದೆ ನಿಲ್ಲದಿದ್ದರೆ ಆ ಬಾಯಿಪಾಠದಿಂದ ಹೆಚ್ಚು ಪ್ರಯೋಜನವಿಲ್ಲ. ಹಣೆಯ ಮೂಳೆಯೊಳಗಿನ ಗಾಳಿಗೂಡಾದ ಈ ಸೈನಸ್‌ನಲ್ಲಿ ಕೀವು ಕಟ್ಟಿಕೊಳ್ಳುವುದಕ್ಕೆ ಬಹುಪಾಲು ಕಾರಣ ಅದರ ಕೆಳಗಿನ ಇಕ್ಕಟ್ಟಾದ ಜಾಗ, ಅಂದರೆ ರಿಸೆಸ್, ಮುಚ್ಚಿಕೊಳ್ಳುವುದು. ಹಾಗಾಗಿ ಶಸ್ತ್ರಚಿಕಿತ್ಸೆಯ ನಿಜವಾದ ಗುರಿ ಸೈನಸ್ ಅಲ್ಲ, ರಿಸೆಸ್.

ರಿಸೆಸ್‌ಗೆ ತನ್ನದೇ ಗೋಡೆಗಳಿಲ್ಲ. ಸುತ್ತಲಿನವುಗಳ ಗೋಡೆಗಳೇ ಅದರ ಎಲ್ಲೆ. ಮುಂದೆ ಆಗರ್ ನೇಸಿ ಕೋಶ (ಕೋಶ ಎಂದರೆ ಇಲ್ಲಿ ಮೂಳೆಯೊಳಗಿನ ಪುಟ್ಟ ಗಾಳಿಗೂಡು) ಮತ್ತು ಫ್ರಾಂಟಲ್ ಬೀಕ್ ಎಂಬ ದಪ್ಪ ಮೂಳೆ. ಹಿಂದೆ ಕಣ್ಣುಗಳ ನಡುವಿನ ಎಥ್ಮಾಯ್ಡ್ ಮೂಳೆಯ ಉಬ್ಬಿದ ಕೋಶ, ಎಥ್ಮಾಯ್ಡ್ ಬುಲ್ಲಾ, ಅದರ ಮೇಲೆ ತಲೆಬುರುಡೆಯ ತಳ ಮತ್ತು ಮುಂಭಾಗದ ಎಥ್ಮಾಯ್ಡ್ ರಕ್ತನಾಳ. ಹೊರಬದಿಗೆ ಕಣ್ಣುಗುಳಿಯ ಕಾಗದದಷ್ಟು ತೆಳುವಾದ ಗೋಡೆ, ಅಂದರೆ ಲ್ಯಾಮಿನಾ ಪಪಿರೇಸಿಯಾ. ಒಳಬದಿಗೆ ಮಧ್ಯ ಟರ್ಬಿನೇಟ್ ಎಂಬ ಮೂಗಿನೊಳಗಿನ ಸುರುಳಿ ಮೂಳೆ ಮತ್ತು ವಾಸನೆಯ ನರಗಳು ಹಾದುಬರುವ ಕ್ರಿಬ್ರಿಫಾರ್ಮ್ ತಟ್ಟೆಯ ಪಕ್ಕದ ಗೋಡೆ. ಈ ಕೊನೆಯದು ತಲೆಬುರುಡೆಯ ತಳದಲ್ಲೇ ಅತಿ ತೆಳುವಾದ ಮೂಳೆ; ಉಪಕರಣವನ್ನು ಒಳಬದಿಗೆ ಒತ್ತಬಾರದು ಎನ್ನುವುದು ಇದಕ್ಕಾಗಿ. ಘ್ರಾಣ ಕುಳಿಯ ಆಳವನ್ನು ಅಳೆಯುವ ಕೆರೋಸ್ ವರ್ಗೀಕರಣ (1962) ಇಲ್ಲಿ ಉಪಯೋಗಕ್ಕೆ ಬರುತ್ತದೆ: 1ರಿಂದ 3 ಮಿ.ಮೀ., 4ರಿಂದ 7 ಮಿ.ಮೀ., 8ರಿಂದ 16 ಮಿ.ಮೀ. ಆಳ ಹೆಚ್ಚಿದಷ್ಟೂ ಆ ತೆಳು ಗೋಡೆ ಉದ್ದವಾಗುತ್ತದೆ, ಅಪಾಯವೂ ಹೆಚ್ಚುತ್ತದೆ.

ಹೆಚ್ಚು ಗೊಂದಲವಾಗುವುದು ಮೂಗಿನ ಪಕ್ಕದ ಗೋಡೆಯ ಕೊಕ್ಕೆಯಂಥ ತೆಳು ಮೂಳೆಯಾದ ಅನ್ಸಿನೇಟ್ ಪ್ರೊಸೆಸ್‌ನ ಮೇಲ್ತುದಿಯ ವಿಷಯದಲ್ಲಿ. ಅದು ಲ್ಯಾಮಿನಾ ಪಪಿರೇಸಿಯಾಕ್ಕೆ ಅಂಟಿಕೊಂಡಿದ್ದರೆ, ಸೈನಸ್‌ನ ಸ್ರಾವ ಅನ್ಸಿನೇಟ್‌ನ ಒಳಬದಿಯಿಂದ ನೇರವಾಗಿ ಮಧ್ಯ ಟರ್ಬಿನೇಟ್‌ನ ಕೆಳಗಿನ ಓಣಿಯಾದ ಮಧ್ಯ ಮಿಯೇಟಸ್‌ಗೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಕಾಣುವುದು ಇದೇ. ಆಗ ಅದರ ಹೊರಬದಿಯಲ್ಲಿ ಮೇಲೆ ಮುಚ್ಚಿದ ಒಂದು ಕುರುಡು ಗೂಡು, ರಿಸೆಸಸ್ ಟರ್ಮಿನಾಲಿಸ್, ಉಳಿಯುತ್ತದೆ. ಅದನ್ನೇ ಫ್ರಾಂಟಲ್ ಸೈನಸ್ ಎಂದು ಭಾವಿಸಿದರೆ ನಿಜವಾದ ದಾರಿ ಪಕ್ಕದಲ್ಲೇ ಮುಚ್ಚಿಕೊಂಡಿರುತ್ತದೆ. ಮೇಲ್ತುದಿ ತಲೆಬುರುಡೆಯ ತಳಕ್ಕೋ ಮಧ್ಯ ಟರ್ಬಿನೇಟ್‌ಗೋ ಅಂಟಿದ್ದರೆ ಸ್ರಾವ ಹೊರಬದಿಯಿಂದ, ಅನ್ಸಿನೇಟ್‌ನ ಹೊರಬದಿಯ ಸಂದಾದ ಇನ್‌ಫಂಡಿಬುಲಮ್‌ಗೆ ಬರುತ್ತದೆ. ಆಗ ಅಲ್ಲಿನ ಊತ ಕೆನ್ನೆಯ ಮ್ಯಾಕ್ಸಿಲರಿ ಸೈನಸ್‌ನೊಂದಿಗೆ ಫ್ರಾಂಟಲ್ ಸೈನಸ್‌ಗೂ ತೊಂದರೆ ಕೊಡುತ್ತದೆ.

ಕೋಶಗಳ ಹೆಸರುಗಳ ಪಟ್ಟಿ ಉದ್ದವಿದೆ. 2016ರ ಅಂತರರಾಷ್ಟ್ರೀಯ ವರ್ಗೀಕರಣ ಅವನ್ನು ಸ್ಥಾನಕ್ಕೆ ತಕ್ಕಂತೆ ಜೋಡಿಸಿರುವುದರಿಂದ ನನಗೆ ಅದೇ ಹೆಚ್ಚು ಇಷ್ಟ. ಮುಂದಿನ ಕೋಶಗಳು ದಾರಿಯನ್ನು ಹಿಂದಕ್ಕೆ ಅಥವಾ ಒಳಕ್ಕೆ ತಳ್ಳುತ್ತವೆ, ಹಿಂದಿನವು ಮುಂದಕ್ಕೆ, ಒಳಬದಿಯವು ಹೊರಕ್ಕೆ. ಸಿಟಿಯ ಮೂರೂ ದಿಕ್ಕಿನ ಚಿತ್ರಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಬೀಕ್‌ನಿಂದ ತಲೆಬುರುಡೆಯ ತಳದವರೆಗಿನ ಅಂತರ ಸ್ಯಾಜಿಟಲ್ (ಪಕ್ಕದಿಂದ ಕಂಡ) ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ.

ಈಗ ಡ್ರಾಫ್. ಜರ್ಮನಿಯ ವೋಲ್ಫ್‌ಗಾಂಗ್ ಡ್ರಾಫ್ 1991ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ 1ನೆಯದು ಸರಳ: ಮುಂಭಾಗದ ಎಥ್ಮಾಯ್ಡ್ ಕೋಶಗಳನ್ನು ತೆಗೆದು, ಫ್ರಾಂಟಲ್ ದ್ವಾರವನ್ನು ಮುಟ್ಟದೆ ಬಿಡುವುದು. 2ಎಯಲ್ಲಿ ದ್ವಾರಕ್ಕೆ ಚಾಚಿದ ಕೋಶಗಳನ್ನೂ ತೆಗೆದು, ಲ್ಯಾಮಿನಾ ಪಪಿರೇಸಿಯಾ ಮತ್ತು ಮಧ್ಯ ಟರ್ಬಿನೇಟ್ ನಡುವೆ ದಾರಿ ಬಿಡಿಸುತ್ತಾರೆ. 45 ಅಥವಾ 70 ಡಿಗ್ರಿ ಎಂಡೋಸ್ಕೋಪ್‌ನಲ್ಲಿ ನೋಡುತ್ತ, ಕ್ಯೂರೆಟ್ ಎಂಬ ಬಾಗಿದ ಕೆರೆಯುವ ಉಪಕರಣವನ್ನು ಕೋಶದ ಹಿಂಗೋಡೆ ಮತ್ತು ತಲೆಬುರುಡೆಯ ತಳದ ನಡುವೆ ಮೆಲ್ಲನೆ ಮೇಲಕ್ಕೆ ಜಾರಿಸಬೇಕು. ತುದಿ ಕೋಶದ ಚಾವಣಿಯನ್ನು ದಾಟಿದ ಮೇಲೆ ಮುಂದಕ್ಕೆ ಎಳೆದರೆ ಗೋಡೆ ಮುರಿಯುತ್ತದೆ. ನಂತರ ಮೂಳೆಯ ಚೂರುಗಳನ್ನು ಮಾತ್ರ ಆರಿಸಿ ತೆಗೆಯಬೇಕು, ಲೋಳೆಪೊರೆ ಹರಿಯಬಾರದು. ದ್ವಾರದ ಸುತ್ತಲೂ ಪೊರೆ ಕಿತ್ತುಹೋದರೆ ಗಾಯ ಮಾಗುವಾಗ ಅದು ಮತ್ತೆ ಕಿರಿದಾಗುತ್ತದೆ, ಮುಚ್ಚಿಯೂ ಹೋಗಬಹುದು.

2ಬಿಯಲ್ಲಿ ಲ್ಯಾಮಿನಾ ಪಪಿರೇಸಿಯಾದಿಂದ ಮೂಗಿನ ನಡುಗೋಡೆಯಾದ ಸೆಪ್ಟಮ್‌ವರೆಗೆ ಸೈನಸ್‌ನ ತಳವನ್ನು ತೆಗೆಯುತ್ತಾರೆ. ತೆರೆದ ಮೂಳೆ ಹೆಚ್ಚು, ದ್ವಾರ ಒಂದೇ ಬದಿಯದು. ಹೀಗಾಗಿ ಮುಚ್ಚಿಕೊಳ್ಳುವ ಭಯ ಇಲ್ಲಿ ಸದಾ ಇದೆ. 3ನೆಯದು ಎರಡೂ ಬದಿಯ ತಳವನ್ನು ಸೆಪ್ಟಮ್‌ನ ಮೇಲ್ಭಾಗ ಹಾಗೂ ಸೈನಸ್‌ಗಳ ನಡುವಿನ ಗೋಡೆಯೊಂದಿಗೆ ತೆಗೆದು, ಬೀಕ್ ಅನ್ನು ಡ್ರಿಲ್‌ನಿಂದ ಸವೆಸಿ ಒಂದೇ ದೊಡ್ಡ ದ್ವಾರ ಮಾಡುವುದು. ಲೋಥ್ರಪ್ 1914ರಲ್ಲಿ ಹೊರಗಿನಿಂದ ಮಾಡಿದ್ದರ ಮೂಲಕಲ್ಪನೆ ಇದೇ. ಆಗ ಕಣ್ಣುಗುಳಿಯ ಪಕ್ಕದ ಮೂಳೆಯನ್ನೂ ತೆಗೆಯುತ್ತಿದ್ದುದರಿಂದ ಕಣ್ಣಿನ ಸುತ್ತಲಿನ ಮೃದು ಅಂಗಾಂಶ ಒಳಕ್ಕೆ ಕುಸಿದು ದಾರಿ ಮುಚ್ಚುತ್ತಿತ್ತು. ಎಂಡೋಸ್ಕೋಪ್ ಆ ತೊಡಕನ್ನು ತಪ್ಪಿಸಿತು. ಹಿಂದಕ್ಕೆ ಎಷ್ಟು ಕೊರೆಯಬಹುದು ಎಂಬುದಕ್ಕೆ ಮೊದಲ ಘ್ರಾಣ ನರತಂತುವೇ ಗಡಿ. ಬರಿದಾದ ಮೂಳೆಯ ಮೇಲೆ ಲೋಳೆಪೊರೆಯ ಕಸಿ ಹಾಕುವುದು ಈಗ ಹಲವರ ರೂಢಿ.

ಬಲೂನ್ ಬಳಸಿ ದಾರಿಯನ್ನು ಹಿಗ್ಗಿಸುವುದು ಪೊರೆಯನ್ನು ಉಳಿಸುತ್ತದೆ, ಆದರೆ ಕೋಶಗಳನ್ನು ತೆಗೆಯುವುದಿಲ್ಲ. ಪಾಲಿಪ್ (ಲೋಳೆಪೊರೆಯ ಊದಿದ ಬೆಳವಣಿಗೆ) ತುಂಬಿದ ರಿಸೆಸ್‌ಗೆ ಅದು ಸಾಲದು. ಹಾಗೆಯೇ ಗಂತಿ ಲ್ಯಾಮಿನಾ ಪಪಿರೇಸಿಯಾದ ರೇಖೆಯನ್ನು ದಾಟಿ ತೀರ ಹೊರಬದಿಗೆ ಹರಡಿದ್ದರೆ ಮೂಗಿನ ಒಳಗಿನ ಉಪಕರಣ ಅಲ್ಲಿಗೆ ತಲುಪುವುದು ಕಷ್ಟ. ಆಗ ಹುಬ್ಬಿನ ಬಳಿ ಸಣ್ಣ ರಂಧ್ರ ಕೊರೆದು ಎರಡೂ ಕಡೆಯಿಂದ ಕೆಲಸ ಮಾಡುತ್ತಾರೆ, ಇಲ್ಲವೇ ಆಸ್ಟಿಯೋಪ್ಲಾಸ್ಟಿಕ್ ಫ್ಲಾಪ್ (ಮೂಳೆಯ ಮುಚ್ಚಳ) ಎತ್ತಿ ಸೈನಸ್‌ನ ಮುಂಗೋಡೆಯನ್ನೇ ತೆರೆಯುತ್ತಾರೆ.