ಅವಾಂಗಾರ್ಡ್ ಮೆಟಲ್: ಮುಂಚೂಣಿ ಅಂದರೆ ಏನು?

ಮೆಟಲ್, ಅಂದರೆ ಒರಟು ಗಿಟಾರುಗಳ ಅಬ್ಬರದ ರಾಕ್ ಸಂಗೀತ ಕೇಳುವವರು ತಲೆಬುಡ ತಿಳಿಯದ ಆಲ್ಬಂ ಸಿಕ್ಕಾಗಲೆಲ್ಲ ಅದಕ್ಕೆ ‘ಅವಾಂಗಾರ್ಡ್’ ಎಂಬ ಹಣೆಪಟ್ಟಿ ಹಚ್ಚಿಬಿಡುತ್ತಾರೆ. ಆ ಪದಕ್ಕೆ ಇದಕ್ಕಿಂತ ಖಚಿತವಾದ ಅರ್ಥವಿದೆ. ಅದು ಸವೆದುಹೋಗಬಾರದು ಅನ್ನುವ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಇದು ಫ್ರೆಂಚ್ ಸೈನ್ಯದ ಪದ. ‘ಅವಾಂ’ ಅಂದರೆ ಮುಂದೆ, ‘ಗಾರ್ದ್’ ಅಂದರೆ ಕಾವಲು. ದೊಡ್ಡ ದಂಡಿಗಿಂತ ಮುಂದೆ ಹೋಗಿ ದಾರಿ ನೋಡುವ ತುಕಡಿಯ ಹೆಸರು ಅದು. ಇದಕ್ಕಾಗಿ ಕನ್ನಡದಲ್ಲಿ ಹೊಸ ಪದ ಕಟ್ಟಬೇಕಾಗಿಲ್ಲ. ಕುಮಾರವ್ಯಾಸನ ಕಾಳಗಗಳಲ್ಲಿ ಬರುವ ‘ಚೂಣಿ’ ಇದೇ. ‘ಹೋರಾಟದ ಮುಂಚೂಣಿಯಲ್ಲಿ’ ಅಂತ ಇಂದಿಗೂ ಪತ್ರಿಕೆಗಳು ಬರೆಯುವುದು ಅದನ್ನೇ. 1825ರಲ್ಲಿ ಫ್ರಾನ್ಸಿನ ಚಿಂತಕ ಸಾಂ-ಸಿಮೊಂ ಬಳಗದ ಬರಹವೊಂದು, ಸಮಾಜವನ್ನು ಮುಂದಕ್ಕೆ ಒಯ್ಯುವಲ್ಲಿ ಕಲಾವಿದರೇ ಮುಂಚೂಣಿ ಎಂದಿತು. ಯುದ್ಧಭೂಮಿಯ ಪದ ಕಲೆಗೆ ದಾಟಿದ್ದು ಹಾಗೆ.

ಮೆಟಲ್‌ಗೆ ಈ ವಿಶೇಷಣ ಅಂಟಿದ್ದು 1980ರ ದಶಕದ ಕೊನೆಯಲ್ಲಿ. ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ ತಂಡ 1987ರ ‘ಇನ್‌ಟು ದಿ ಪ್ಯಾಂಡಮೋನಿಯಂ’ ಆಲ್ಬಂನಲ್ಲಿ ಒರಟು ಗಿಟಾರುಗಳ ನಡುವೆ ತಂತಿವಾದ್ಯ, ಹೆಣ್ಣುದನಿಯ ಗಾಯನ, ಯಂತ್ರದ ತಾಳ, ಬಾಹ್ಯಾಕಾಶ ಯಾನದ ಧ್ವನಿಮುದ್ರಿಕೆಯ ತುಣುಕುಗಳನ್ನೆಲ್ಲ ತಂದಿತು. ಮೆಟಲ್ ಒಳಗೆ ಇದೆಲ್ಲ ಬರಬಹುದೇ ಎಂದು ಅಭಿಮಾನಿಗಳು ಕೇಳುವಂತಾಯಿತು.

ಇದನ್ನು ಪ್ರೋಗ್ರೆಸಿವ್ ಮೆಟಲ್ ಎಂಬ ಇನ್ನೊಂದು ಪ್ರಕಾರದ ಜೊತೆ ಬೆರೆಸಬಾರದು. ಅಲ್ಲಿ ಹಾಡು ಉದ್ದ, ತಾಳದ ಲೆಕ್ಕ ಜಟಿಲ, ಕೈಚಳಕ ದೊಡ್ಡದು. ಆದರೂ ಅಂಗಳದ ಬೇಲಿ ಇದ್ದಲ್ಲೇ ಇರುತ್ತದೆ. ಅವಾಂಗಾರ್ಡ್ ಆ ಬೇಲಿಯನ್ನೇ ಸರಿಸುತ್ತದೆ.

ಹತ್ತಿರದಿಂದ ನೋಡಲು ಒಂದು ಆಲ್ಬಂ ತೆಗೆದುಕೊಳ್ಳೋಣ. ಫ್ರಾನ್ಸಿನ ‘ಪಿನ್-ಅಪ್ ವೆಂಟ್ ಡೌನ್’ ಇಬ್ಬರೇ ಇಬ್ಬರ ತಂಡ. ಗಾಯಕಿ ಆಸ್ಫೊಡೆಲ್ ಹಿಂದೆ ಪೆನಂಬ್ರಾ ಎಂಬ ಗಾಥಿಕ್ ಮೆಟಲ್ ತಂಡದಲ್ಲಿದ್ದವರು. ವಾದ್ಯಗಳ ಹೊಣೆ ಅಲೆಕ್ಸಿ ದಾಮಿಯಾಂ ಅವರದು. 2008ರಲ್ಲಿ ಬಂದ ಅವರ ಚೊಚ್ಚಲ ಆಲ್ಬಂ ‘2 ಅನ್‌ಲಿಮಿಟೆಡ್’. ತೊಂಬತ್ತರ ದಶಕದ ಒಂದು ಡಾನ್ಸ್ ಜೋಡಿಯ ಹೆಸರೂ ಇದೇ. ಇಬ್ಬರು, ಮಿತಿಯಿಲ್ಲ ಅಂತಲೂ ಓದಿಕೊಳ್ಳಬಹುದು.

ಹೆಡ್‌ಫೋನ್ ಹಾಕಿ ಆಸ್ಫೊಡೆಲ್ ಅವರ ಕಂಠವನ್ನಷ್ಟೇ ಹಿಂಬಾಲಿಸಿ. ಮುದ್ದು ಪಾಪ್ ದನಿಯಲ್ಲಿ ಹಾಡುತ್ತಿದ್ದವರು ಒಪೆರಾದ ಎತ್ತರಕ್ಕೆ ಏರುತ್ತಾರೆ, ಅಲ್ಲಿಂದ ಸೀದಾ ಗುರುಗುಟ್ಟುವ ಗ್ರೌಲ್‌ಗೆ ಇಳಿಯುತ್ತಾರೆ. ಗ್ರೌಲ್ ಅಂದರೆ ಗಂಟಲು ಹರಿದುಕೊಳ್ಳುವ ಅರಚಾಟವಲ್ಲ. ನಿಜವಾದ ಧ್ವನಿತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನು ಉಸಿರಿನ ಹಿಡಿತದಿಂದ ಕಂಪಿಸುವಂತೆ ಮಾಡುವ ವಿದ್ಯೆ ಅದು. ಸಣ್ಣ ದನಿಯಿಂದ ಅಲ್ಲಿಗೆ ಜಿಗಿದು, ಕೂಡಲೇ ಹಿಂದಿರುಗಿ ಶ್ರುತಿ ಹಿಡಿಯಬೇಕೆಂದರೆ ವರ್ಷಗಟ್ಟಲೆ ಪಳಗಬೇಕು. ಕೇಳುವವರಿಗೆ ಹುಚ್ಚಾಟ ಅನ್ನಿಸುವ ಜಾಗದಲ್ಲೇ ಅತಿ ಹೆಚ್ಚು ಸಾಧನೆ ಅಡಗಿರುತ್ತದೆ. ಇದನ್ನು ಯಾರಾದರೂ ಗದ್ದಲ ಅಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮುಂದೇನು ಅಂತ ಊಹಿಸಲಾಗದಂತೆ ಮಾಡುವುದು ಹೇಗೆ? ನಮ್ಮ ಕಿವಿ ಲೆಕ್ಕ ಇಡುತ್ತಲೇ ಇರುತ್ತದೆ. ಪಲ್ಲವಿ ಮುಗಿದರೆ ಚರಣ, ಚರಣ ಮುಗಿದರೆ ಮತ್ತೆ ಪಲ್ಲವಿ. ಒಂದು ರಿಫ್, ಅಂದರೆ ಮರಳಿ ಮರಳಿ ಬರುವ ಗಿಟಾರಿನ ತುಣುಕು, ಮೂರು ಸಲ ಬಂದರೆ ನಾಲ್ಕನೆಯದಕ್ಕೆ ಕಿವಿ ಆಗಲೇ ಸಿದ್ಧ. ಆ ನಾಲ್ಕನೆಯ ಸಲ ಜಾಸ್ ಪಿಯಾನೊ ಬಂದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಮೊದಲ ಮೂರು ಸಲ ಕಿವಿಯಲ್ಲಿ ಗಟ್ಟಿಯಾಗಿ ಕೂತಿರದಿದ್ದರೆ ನಾಲ್ಕನೆಯದಕ್ಕೆ ಬೆಲೆಯೇ ಇಲ್ಲ. ಸೈನ್ಯದ ಅರ್ಥ ಇಲ್ಲಿ ಕೆಲಸಕ್ಕೆ ಬರುತ್ತದೆ: ಹಿಂದೆ ದಂಡು ಇದ್ದರಷ್ಟೇ ಚೂಣಿ, ಇಲ್ಲದಿದ್ದರೆ ಬರೀ ದಾರಿ ತಪ್ಪಿದವರು. ಮೆಟಲ್‌ನ ರೂಢಿ ಗೊತ್ತಿಲ್ಲದವರಿಗೆ ಅದನ್ನು ಮುರಿಯಲೂ ಬರುವುದಿಲ್ಲ.

ಇಬ್ಬರೇ ಇರುವುದೂ ಇದಕ್ಕೆ ಅನುಕೂಲ. ಐದು ಜನ ಒಂದು ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಪ್ರತಿ ತಿರುವಿಗೂ ಎಲ್ಲರ ಒಪ್ಪಿಗೆ ಬೇಕು, ಅತಿರೇಕದ ಯೋಚನೆ ಮೊದಲ ಮಾತಿಗೇ ಬಿದ್ದುಹೋಗುತ್ತದೆ. ಇಬ್ಬರಾದರೆ ಸ್ಟುಡಿಯೋದಲ್ಲಿ ಪದರದ ಮೇಲೆ ಪದರ ಕೂರಿಸಿ, ಬೇಡದ್ದು ಕತ್ತರಿಸಿ, ಮತ್ತೆ ಜೋಡಿಸಬಹುದು. ಅದೇ ಫ್ರಾನ್ಸಿನಲ್ಲಿ 1999ರಲ್ಲೇ ‘ಕಾರ್ನಿವಲ್ ಇನ್ ಕೋಲ್’ ಎಂಬ ಇನ್ನೊಂದು ಜೋಡಿ ‘ವಿವಲವಿದಾ’ ಎಂಬ ಮೊದಲ ಆಲ್ಬಂನಲ್ಲಿ ಮೆಟಲ್‌ನ ಅತಿ ಉಗ್ರ ಕವಲಾದ ಡೆತ್ ಮೆಟಲ್‌ನ ಪಕ್ಕದಲ್ಲೇ ಕುಣಿತದ ಸಂಗೀತ ಇಟ್ಟಿತ್ತು.

ಮೊದಲ ಸಲದ ಬೆರಗು ಎರಡನೆಯ ಸಲ ಇರುವುದಿಲ್ಲ. ಎಲ್ಲಿ ತಿರುವು ಅಂತ ಗೊತ್ತಾದ ಮೇಲೂ ಹಾಡು ನಿಲ್ಲುತ್ತದೆಯೇ ಎಂಬುದು ನನ್ನ ಅಳತೆಗೋಲು. ಬರೀ ಬೆಚ್ಚಿಬೀಳಿಸುವ ಆಲ್ಬಂಗಳು ಅಲ್ಲೇ ಕುಸಿಯುತ್ತವೆ. ‘2 ಅನ್‌ಲಿಮಿಟೆಡ್’ ಹತ್ತನೆಯ ಸಲವೂ ನಿಂತಿದೆ. ಈಗ ಆ ತಿರುವುಗಳು ಬರಲಿ ಎಂದು ನಾನೇ ಕಾಯುತ್ತೇನೆ, ಬಾಯಿಪಾಠವಾದ ಪಲ್ಲವಿಗೆ ಕಾದ ಹಾಗೆ.