ಪರದೆ ಎಲ್ಲಿಯವರೆಗೆ?

2022ರ ಕೊನೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಎಂಬ ವಾದ್ಯವೃಂದದಲ್ಲಿ ಮಹಿಳೆಯರು 45, ಪುರುಷರು 44. ಇದೇ ಆರ್ಕೆಸ್ಟ್ರಾಕ್ಕೆ 1966ರಲ್ಲಿ ಡಬಲ್ ಬಾಸ್ ವಾದಕಿ ಓರಿನ್ ಒಬ್ರಿಯನ್ ಸೇರಿದಾಗ ಉಳಿದವರೆಲ್ಲ ಗಂಡಸರೇ. ಈ ಬದಲಾವಣೆಯಲ್ಲಿ ಪರದೆಗೂ ಪಾಲಿದೆ: ಆಡಿಷನ್‌ನಲ್ಲಿ, ಅಂದರೆ ಆಯ್ಕೆಗಾಗಿ ನುಡಿಸಿ ತೋರಿಸುವ ಪರೀಕ್ಷೆಯಲ್ಲಿ, ನುಡಿಸುವವರು ಯಾರೆಂದು ಸಮಿತಿಗೆ ಕಾಣದಂತೆ ಕಟ್ಟುವ ಪರದೆ.

ಲಂಡನ್ನಿನ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾ 1913ರಲ್ಲೇ ಆರು ಮಹಿಳೆಯರನ್ನು ತಂತಿವಾದ್ಯಕ್ಕೆ ತೆಗೆದುಕೊಂಡಿತ್ತು. ಆಮೇಲಿನ ಅರ್ಧ ಶತಮಾನ ದೊಡ್ಡ ತಂಡಗಳಲ್ಲಿ ಹೆಣ್ಣಿಗೆ ಸುಲಭವಾಗಿ ಸಿಗುತ್ತಿದ್ದದ್ದು ಹಾರ್ಪ್ ಒಂದೇ. ಜಾಗ ಖಾಲಿಯಾದರೆ ಹಿರಿಯ ವಾದಕರ ಶಿಷ್ಯರಿಗೆ, ಪರಿಚಯದವರಿಗೆ ಕರೆ ಹೋಗುತ್ತಿತ್ತು. ಆ ಬಳಗದಲ್ಲಿ ಹೆಂಗಸರು ಅಪರೂಪ.

ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ 1952ರಲ್ಲೇ ಆಡಿಷನ್‌ಗೆ ಪರದೆ ಕಟ್ಟಿತು. ಆದರೆ 1969ರಲ್ಲಿ ಇಬ್ಬರು ಕಪ್ಪು ವಾದಕರು ನ್ಯೂಯಾರ್ಕ್‌ನಲ್ಲಿ ವರ್ಣಭೇದದ ದೂರು ಕೊಟ್ಟ ಮೇಲೆಯೇ ಅದು ಅಮೆರಿಕದಲ್ಲಿ ವ್ಯಾಪಕವಾಗಿ ಹಬ್ಬಿದ್ದು. ಅವರು ಎತ್ತಿದ ಪ್ರಶ್ನೆಯ ಫಲ ಹೆಚ್ಚಾಗಿ ದಕ್ಕಿದ್ದು ಬಿಳಿಯ ಮಹಿಳೆಯರಿಗೆ ಎಂಬುದನ್ನು ಮರೆಯಬಾರದು.

ಪರದೆಯ ಆಡಿಷನ್‌ನಲ್ಲಿ ಹೆಸರಿಲ್ಲ, ಚೀಟಿ ಎತ್ತಿ ಬಂದ ನಂಬರ್ ಮಾತ್ರ. ಎತ್ತರ ಹಿಮ್ಮಡಿಯ ಚಪ್ಪಲಿಯ ಸದ್ದು ಗುಟ್ಟು ಬಿಟ್ಟುಕೊಡದಂತೆ ಬಾಗಿಲಿನಿಂದ ಕುರ್ಚಿಯವರೆಗೆ ಕಾರ್ಪೆಟ್ ಹಾಸುತ್ತಾರೆ. ಅಭ್ಯರ್ಥಿ ಮಾತಾಡುವಂತಿಲ್ಲ, ಏನಾದರೂ ಕೇಳಬೇಕಿದ್ದರೆ ಪಕ್ಕದಲ್ಲಿರುವ ಮೇಲ್ವಿಚಾರಕರ ಕಿವಿಯಲ್ಲಿ ಹೇಳಬೇಕು. ಪಿಟೀಲಾದರೆ ಒಂದು ಮೊಜಾರ್ಟ್ ಕನ್ಸರ್ಟೊ, ಸ್ಟ್ರೌಸ್‌ನ 'ಡಾನ್ ಹ್ವಾನ್' ಕೃತಿಯ ಮೊದಲ ಪುಟ, ಇನ್ನೊಂದಿಷ್ಟು ತುಣುಕು. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆಮೇಲೆ ಸಮಿತಿಯ ಮತ.

ಅಮೆರಿಕದ ಐದು ಪ್ರಮುಖ ತಂಡಗಳಲ್ಲಿ 1970ರಲ್ಲಿ ಶೇ. 5ರಷ್ಟೂ ಇರದ ಮಹಿಳೆಯರು 1990ರ ದಶಕದಲ್ಲಿ ಶೇ. 25 ಆದರು. ಇದರಲ್ಲಿ ಪರದೆಯ ಪಾಲೆಷ್ಟು ಎಂದು ಲೆಕ್ಕಹಾಕಿ 2000ದಲ್ಲಿ ಬಂದ ಅಧ್ಯಯನದ ಅಂಕಿಅಂಶಗಳ ಬಗ್ಗೆ ತಕರಾರುಗಳಿವೆ. ಸಂಗೀತ ಶಾಲೆಗಳಿಂದ ಹೆಚ್ಚು ಹುಡುಗಿಯರು ಹೊರಬಂದದ್ದೂ ಕಾರಣವೇ.

ಪರದೆ ಸೋಲುವ ಜಾಗಗಳೂ ಗೊತ್ತಿರುವಂಥವೇ. ಎಷ್ಟೋ ಕಡೆ ಕೊನೆಯ ಸುತ್ತಿನಲ್ಲಿ ಅದನ್ನು ತೆಗೆಯುತ್ತಾರೆ. ಕೆಲವರಿಗೆ ಮೊದಲ ಸುತ್ತು ನುಡಿಸದೆಯೇ ಮುಂದೆ ಹೋಗುವ ವಿನಾಯಿತಿ. ನಂತರ ಒಂದೆರಡು ವರ್ಷದ ಪ್ರೊಬೇಷನ್, ಅಲ್ಲಿ ಎಲ್ಲವೂ ಮುಖ ನೋಡಿಯೇ.

ಮ್ಯೂನಿಕ್ ಫಿಲ್‌ಹಾರ್ಮೋನಿಕ್ 1980ರಲ್ಲಿ ಟ್ರಾಂಬೋನ್ ಎಂಬ ಊದುವಾದ್ಯ ನುಡಿಸುವ ಅಮೆರಿಕದ ವಾದಕಿ ಆ್ಯಬಿ ಕೊನಂಟ್‌ಗೆ ಕಳಿಸಿದ ಆಹ್ವಾನದಲ್ಲಿ 'ಶ್ರೀಮಾನ್' ಎಂದಿತ್ತು. 33 ಅಭ್ಯರ್ಥಿಗಳ ನಡುವೆ ಪರದೆಯ ಹಿಂದೆ ನುಡಿಸಿ ಗೆದ್ದರು. ಪ್ರೊಬೇಷನ್ ಮುಗಿಸಿದರೂ 1982ರಲ್ಲಿ ಅವರನ್ನು ಮುಖ್ಯ ಟ್ರಾಂಬೋನ್ ಸ್ಥಾನದಿಂದ ಎರಡನೇ ಸ್ಥಾನಕ್ಕಿಳಿಸಲಾಯಿತು. ದಮ್ಮು ಸಾಲದು ಎಂಬ ವಾದ ಬಂದಾಗ ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಂಡು ವರದಿ ಮುಂದಿಟ್ಟರು. ಸ್ಥಾನಕ್ಕೂ ಸಮಾನ ಸಂಬಳಕ್ಕೂ ನಡೆದ ವ್ಯಾಜ್ಯ ಅವರ ಪರವಾಗಿ ಮುಗಿದದ್ದು 1993ರಲ್ಲಿ.

ವಿಯೆನ್ನಾ ಫಿಲ್‌ಹಾರ್ಮೋನಿಕ್‌ನಲ್ಲಿ ಹಾರ್ಪ್ ವಾದಕಿ ಅನ್ನಾ ಲೆಲ್ಕೆಸ್ ಎರಡು ದಶಕಕ್ಕೂ ಹೆಚ್ಚು ಕಾಲ ನುಡಿಸಿದ ಮೇಲೆ, 1997ರಲ್ಲಿ ಸದಸ್ಯತ್ವ ಪಡೆದರು. ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಮೊದಲ ಮಹಿಳಾ ಕನ್ಸರ್ಟ್‌ಮಾಸ್ಟರ್ (ಪಿಟೀಲು ವಾದಕರ ಮುಖ್ಯಸ್ಥೆ) ವಿನೆಟಾ ಸರೈಕಾ-ಫೋಲ್ಕ್ನರ್ ನೇಮಕವಾದದ್ದು 2023ರಲ್ಲಿ. ಈಗ ಕೆಲವು ತಂಡಗಳು ಕೊನೆಯ ಸುತ್ತಿನಲ್ಲೂ ಪರದೆ ಉಳಿಸಿಕೊಂಡಿವೆ. ಪ್ರೊಬೇಷನ್ ತೀರ್ಪಿಗೂ ಲಿಖಿತ ಕಾರಣ ಕಡ್ಡಾಯವಾಗಬೇಕು.