ಬೋರ್ ಗಾಡಿ ನಡುಗುವುದು ಯಾಕೆ?

ತಿಕೋಟಾ, ಇಂಡಿ ಕಡೆ ಹೊಲದಲ್ಲಿ ಬೋರ್ ಹೊಡೆಯುವಾಗ ಗಾಡಿ ಜೋರಾಗಿ ನಡುಗಿದರೆ ಕೆಲಸವೂ ಜೋರಾಗಿ ನಡೆದಿದೆ ಅನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಮೇಲೆ ಕಾಣುವ ಆ ನಡುಕದಲ್ಲಿ ಒಂದು ಪಾಲು, ಕಲ್ಲು ಒಡೆಯದೆ ವಾಪಸ್ ಬಂದ ಶಕ್ತಿ.

ವಿಜಯಪುರ ಜಿಲ್ಲೆಯ ಬಹುಭಾಗದ ಕೆಳಗಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಗಟ್ಟಿಯಾದ ಲಾವಾ. ಗಟ್ಟಿ ಕರಿಕಲ್ಲು, ತೂತು ತೂತಾದ ಕಲ್ಲು, ನಡುವೆ ಅಲ್ಲಲ್ಲಿ ಮೆತ್ತನೆ ಕೆಂಪು ಪದರ. ಇದನ್ನು ಸುಮ್ನೆ ತಿರುಗಿಸಿ ಕೊರೆಯುವುದು ಕಷ್ಟ, ಕುಟ್ಟಬೇಕು. ಕುಟ್ಟುವ ಹ್ಯಾಮರ್ ಮೇಲೆ ಗಾಡಿಯಲ್ಲೇ ಇದ್ದರೆ ಪ್ರತಿ ಏಟೂ ಒಂದಕ್ಕೊಂದು ಜೋಡಿಸಿದ ಉಕ್ಕಿನ ರಾಡುಗಳ ಉದ್ದಕ್ಕೂ ಇಳಿಯಬೇಕು, ಒಂದೊಂದು ಜೋಡಣೆಯಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಅದಕ್ಕೇ ಹ್ಯಾಮರನ್ನು ತಳದಲ್ಲಿ, ಕಲ್ಲಿಗೆ ತಾಗುವ ತುದಿಯಾದ ಬಿಟ್‌ನ ಬೆನ್ನಿಗೇ ಕೂರಿಸಿ, ರಾಡಿನೊಳಗಿಂದ ಗಾಳಿ ಕಳಿಸುತ್ತಾರೆ. ಆ ಗಾಳಿ ಹ್ಯಾಮರಿನೊಳಗಿನ ಪಿಸ್ಟನ್‌ನಿಂದ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಏಟು ಹಾಕಿಸಿ, ಪುಡಿಯನ್ನೂ ಮೇಲಕ್ಕೆ ತರುತ್ತದೆ. ಎಂಥ ಚೆಂದದ ಉಪಾಯ! ರಾಡು ತಿರುಗುವುದು ನಿಧಾನ, ನಿಮಿಷಕ್ಕೆ 20–30 ಸುತ್ತು. ಪ್ರತಿ ಏಟು ಹೊಸ ಜಾಗಕ್ಕೆ ಬೀಳಲಿ ಅಂತ ಅಷ್ಟೇ.

ಆದರೆ ಬಿಟ್ ಯಾವುದೋ ಬಿರುಕಿಗೆ ಸಿಕ್ಕಿಕೊಂಡರೂ ಮೇಲಿನ ಮೋಟಾರ್ ನಿಲ್ಲುವುದಿಲ್ಲ. ಒದ್ದೆ ಪಂಚೆ ಹಿಂಡಿದ ಹಾಗೆ ರಾಡು ತಿರುಚಿಕೊಂಡು, ಥಟ್ಟನೆ ಬಿಚ್ಚಿಕೊಳ್ಳುತ್ತದೆ. ಉಕ್ಕಿನಲ್ಲಿ ಈ ತಿರುಚು ಸೆಕೆಂಡಿಗೆ ಸುಮಾರು 3,200 ಮೀಟರ್ ಓಡುತ್ತದೆ. ಬರೀ ರಾಡಿನ ಲೆಕ್ಕ ಹಿಡಿದರೆ, 1,000 ಅಡಿ ಬೋರಿನಲ್ಲಿ ಒಂದು ಸಲ ತಿರುಚಿ ಬಿಚ್ಚಲು ಅರ್ಧ ಸೆಕೆಂಡೂ ಬೇಡ. 3 ಕಿಲೋಮೀಟರ್ ಆಳದ ಎಣ್ಣೆ ಬಾವಿಯಲ್ಲಿ ಸುಮಾರು 4 ಸೆಕೆಂಡ್ ಬೇಕು. ಅಲ್ಲಿ ಬಿಟ್ ಪೂರ್ತಿ ನಿಂತು, ಮರುಕ್ಷಣ ಮೇಲಿನ ವೇಗದ ಎರಡು ಪಟ್ಟಿಗಿಂತ ಜಾಸ್ತಿ ತಿರುಗುವುದೂ ಉಂಟು.

ಇನ್ನೊಂದು ನಡುಕ ಅಡ್ಡಡ್ಡಕ್ಕೆ. ಮೇಲಿನಿಂದ ಜಾಸ್ತಿ ಒತ್ತಿದರೆ ಉದ್ದನೆ ರಾಡು ಬಾಗಿ ಬೋರಿನ ಗೋಡೆಗೆ ಉಜ್ಜುತ್ತದೆ. ಬಾಗಿದ ರಾಡು ಒಂದು ಸುತ್ತು ತಿರುಗಿದರೆ ಅದರ ಪ್ರತಿ ಪಕ್ಕವೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ನಿಮಿಷಕ್ಕೆ 25 ಸುತ್ತಾದರೆ ಗಂಟೆಗೆ 1,500 ಸಲ. ಉಕ್ಕು ಹೀಗೆ ದಣಿದು ಮುರಿಯುವುದನ್ನು 19ನೇ ಶತಮಾನದಲ್ಲೇ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದರು. ರಾಡಿನಲ್ಲಿ ಮೊದಲ ಬಿರುಕು ಹೆಚ್ಚಾಗಿ ಹುಟ್ಟುವುದು ರಾಡುಗಳನ್ನು ಜೋಡಿಸುವ ತಿರುಪಿನ, ಅಂದರೆ ಥ್ರೆಡ್ಡಿನ ಬುಡದಲ್ಲಿ.

ಆಳ ಹೋದಂತೆ ರಾಡುಗಳ ಭಾರವೇ ಬಿಟ್ ಮೇಲೆ ಕೂರುತ್ತದೆ. ಆಗ ಒಳ್ಳೆಯ ಡ್ರಿಲ್ಲರ್ ಒತ್ತುವುದನ್ನು ಬಿಟ್ಟು ಆ ಭಾರವನ್ನು ಮೇಲಕ್ಕೆ ಹಿಡಿದುಕೊಳ್ಳುತ್ತಾನೆ. ಕೆಂಪು ಪದರ ಬಂದರೆ ಏಟಿನ ಸದ್ದೇ ಬದಲಾಗುತ್ತದೆ, ಅವನ ಕೈ ಲಿವರ್ ಮೇಲೆ ಹೋಗುತ್ತದೆ. ಅಂಥ ಹೊತ್ತಲ್ಲಿ ಪಕ್ಕದಲ್ಲಿ ನಿಂತು 'ಲಗೂನ ಮುಗಸ್ರಿ' ಅಂತ ಅವಸರ ಮಾಡಬಾರದು. ರಾಡು ಮುರಿದು ಹ್ಯಾಮರ್ ಒಳಗೇ ಉಳಿದರೆ, ಎಷ್ಟೋ ಸಲ ಆ ಬೋರನ್ನೇ ಕೈಬಿಡಬೇಕಾಗುತ್ತದೆ.